ಏಣಿಯ ಮೆಟ್ಟಿಲು ಮತ್ತು ನೆಲದ ಮೇಲೆ ನಿಂತವಳು

ವರ್ಷಕ್ಕೊಮ್ಮೆ ಪತ್ರಿಕೆಗಳಲ್ಲಿ ಒಂದು ಪಟ್ಟಿ ಬರುತ್ತದೆ. ಸ್ವಿಟ್ಜರ್ಲೆಂಡಿನ ವರ್ಲ್ಡ್ ಎಕನಾಮಿಕ್ ಫೋರಂ 2006ರಿಂದ ಹೊರಡಿಸುತ್ತಿರುವ ಹೆಣ್ಣು ಗಂಡಿನ ಅಂತರದ ಪಟ್ಟಿ ಅದು. 2025ರ ಪಟ್ಟಿಯ 148 ದೇಶಗಳಲ್ಲಿ ಭಾರತ 131ನೆಯದು. ಮೊದಲ ಸ್ಥಾನ ಐಸ್‌ಲ್ಯಾಂಡಿಗೆ, ಅದೂ ಸತತ 16ನೇ ಸಲ. ಇಂಥ ಪಟ್ಟಿ ಬಂದ ದಿನ ಅಧಿಕಾರದಲ್ಲಿದ್ದವರು ಅಳತೆಗೋಲೇ ಸರಿಯಿಲ್ಲ ಅನ್ನುತ್ತಾರೆ, ಎದುರು ಕೂತವರು ದೇಶದ ಮಾನ ಹೋಯ್ತು ಅನ್ನುತ್ತಾರೆ. ಮೂರನೇ ದಿನಕ್ಕೆ ಇಬ್ಬರಿಗೂ ಮರೆವು. ನಮ್ಮ ತಕರಾರು ಬೇರೆಯೇ ಇದೆ. ಈ ಏಣಿಯ ಬುಡ ಹಿಡಿದು ನೆಲದ ಮೇಲೆ ನಿಂತವಳು ಯಾರು? ಅವಳನ್ನು ಯಾವ ಮೆಟ್ಟಿಲಲ್ಲಿ ಎಣಿಸಿದ್ದೀರಿ ಸ್ವಾಮಿ?

ಮೊದಲು ಈ ಪಟ್ಟಿಯ ಲೆಕ್ಕಾಚಾರ ನೋಡೋಣ. ದುಡಿಮೆ, ಓದು, ಆರೋಗ್ಯ, ರಾಜಕೀಯ ಅಧಿಕಾರ ಎಂಬ ನಾಲ್ಕು ಬಾಬ್ತುಗಳಲ್ಲಿ ಗಂಡಿಗೂ ಹೆಣ್ಣಿಗೂ ನಡುವೆ ಎಷ್ಟು ಅಂತರ ಅನ್ನೋದನ್ನಷ್ಟೆ ಇದು ಅಳೆಯುತ್ತದೆ. ಇಬ್ಬರೂ ಒಟ್ಟಿಗೆ ಎಷ್ಟು ಕೆಳಗಿದ್ದಾರೆ ಅನ್ನೋದು ಅದಕ್ಕೆ ಬೇಡ. ಒಂದು ಕೇರಿಯಲ್ಲಿ ಗಂಡ ಹೆಂಡತಿ ಇಬ್ಬರಿಗೂ ಅರ್ಧ ಹೊಟ್ಟೆ ಎಂದಾದರೆ ಈ ಲೆಕ್ಕದಲ್ಲಿ ಅಲ್ಲಿ ಅಂತರವೇ ಇಲ್ಲ! ಇನ್ನು ರಾಜಕೀಯದ ಬಾಬ್ತಿನಲ್ಲಿ, ಹಿಂದಿನ 50 ವರ್ಷಗಳಲ್ಲಿ ಎಷ್ಟು ವರ್ಷ ಹೆಣ್ಣೊಬ್ಬಳು ದೇಶದ ಚುಕ್ಕಾಣಿ ಹಿಡಿದಿದ್ದಳು ಎಂಬುದಕ್ಕೂ ಅಂಕವಿದೆ. ಇಂದಿರಾ ಗಾಂಧಿ ಪ್ರಧಾನಿಯಾಗಿದ್ದ 1980ರ ದಶಕದ ವರ್ಷಗಳು ಹೀಗೆ ನಮ್ಮ ದೇಶಕ್ಕೆ ಅಂಕ ತಂದುಕೊಟ್ಟಿವೆ. ಅವೇ ವರ್ಷಗಳಲ್ಲಿ ಮಲದ ಬುಟ್ಟಿ ತಲೆಯ ಮೇಲೆ ಹೊತ್ತ ಹೆಂಗಸು ಯಾವ ಕಾಲಮ್ಮಿನಲ್ಲಿದ್ದಾಳೆ? ಆ ಕೆಲಸವನ್ನು ನಿಷೇಧಿಸುವ ಕಾನೂನು ಪಾರ್ಲಿಮೆಂಟಿನಲ್ಲಿ ಆದದ್ದೇ 1993ರಲ್ಲಿ. ಅದು ಸಾಲದೆಂದು 2013ರಲ್ಲಿ ಮತ್ತೊಂದು ಮಾಡಬೇಕಾಯಿತು.

'ಹೆಣ್ಣು' ಎಂಬ ಒಂದೇ ಮಾತಿನಡಿ ಎಲ್ಲರನ್ನೂ ತುಂಬುವ ಈ ಚಾಳಿ ಹಳೆಯದು. ವಿಶ್ವಸಂಸ್ಥೆ 1975ನ್ನು ಮಹಿಳಾ ವರ್ಷ ಎಂದು ಸಾರಿ ಮೆಕ್ಸಿಕೋದಲ್ಲಿ ಸಮ್ಮೇಳನ ನಡೆಸಿತು. ಅದರ ಜೊತೆಗೇ ನಡೆದ ಜನಸಭೆಗೆ ಬೊಲಿವಿಯಾದ ತವರದ ಗಣಿಯಿಂದ ಡೊಮಿಟಿಲಾ ಬಾರಿಯೋಸ್ ಎಂಬ ಗಣಿ ಕೂಲಿಯ ಹೆಂಡತಿ ಬಂದಿದ್ದರು. ಗಣಿಮನೆಗಳ ಹೆಂಗಸರ ಸಂಘ ಕಟ್ಟಿ ಜೈಲು ಕಂಡು ಬಂದವರು. ಗಂಡು ಹೆಣ್ಣಿನ ವಿಚಾರ ಬಿಟ್ಟು ಬೇರೆ ಮಾತು ಬೇಡ ಎಂದ ಉಳ್ಳವರ ಮನೆಯ ಹೆಂಗಸರಿಗೆ, ನಿಮ್ಮ ಬದುಕಿಗೂ ನನ್ನ ಬದುಕಿಗೂ ಏನು ಸಾಮ್ಯವಿದೆ ಹೇಳಿ ಎಂದು ಸಭೆಯಲ್ಲೇ ಕೇಳಿದರು. ಗಂಡಸರ ಯಜಮಾನಿಕೆ ಅವರಿಗೆ ಗೊತ್ತಿಲ್ಲದ್ದೇನಲ್ಲ. ಆದರೆ ಗಣಿಯ ಯಜಮಾನಿಕೆಯನ್ನು ಪಕ್ಕಕ್ಕಿಟ್ಟು ಬರೀ ಗಂಡಸಿನೊಂದಿಗೆ ಕಾದಾಡಲು ಅವರು ತಯಾರಿರಲಿಲ್ಲ. ಐವತ್ತು ವರ್ಷವಾದರೂ ಈ ಪ್ರಶ್ನೆಗೆ ಪಟ್ಟಿ ಮಾಡುವವರ ಬಳಿ ಉತ್ತರವಿಲ್ಲ.

ಹಾಗಂತ ಏಣಿಯ ಮೇಲಿದ್ದವರಿಂದ ಕಲಿಯೋದು ಏನೂ ಇಲ್ಲ ಎಂದು ನಾವು ಹೇಳುತ್ತಿಲ್ಲ. ಐಸ್‌ಲ್ಯಾಂಡಿನದು ಯಾರೋ ಕೊಟ್ಟ ಭಿಕ್ಷೆಯಲ್ಲ. 1975ರ ಅಕ್ಟೋಬರ್ 24ರಂದು ಅಲ್ಲಿನ ನೂರಕ್ಕೆ ಸುಮಾರು 90 ಹೆಂಗಸರು ಆಫೀಸು, ಕಾರ್ಖಾನೆ, ಅಡಿಗೆಮನೆ ಎಲ್ಲಾ ಬಿಟ್ಟು ಬೀದಿಗೆ ಬಂದರು. ಮೀನು ಕಾರ್ಖಾನೆಗಳು ನಿಂತವು, ಶಾಲೆಗಳು ಮುಚ್ಚಿದವು, ಅಪ್ಪಂದಿರು ಮಕ್ಕಳನ್ನು ಕಟ್ಟಿಕೊಂಡು ಕೆಲಸಕ್ಕೆ ಹೋಗಬೇಕಾಯಿತು. ಮರುವರ್ಷವೇ ಸಮಾನತೆಯ ಕಾನೂನು ಬಂತು. 1980ರಲ್ಲಿ ವಿಗ್ದಿಸ್ ಫಿನ್‌ಬೊಗಾಡೊಟ್ಟಿರ್ ಜನರ ಮತದಿಂದಲೇ ಗೆದ್ದು ರಾಷ್ಟ್ರಪತಿಯಾದರು. 2018ರಲ್ಲಿ ಜಾರಿಗೆ ಬಂದ ಕಾನೂನು ಇನ್ನೂ ಒಂದು ಹೆಜ್ಜೆ ಮುಂದೆ ಹೋಯಿತು. 25 ಮತ್ತು ಅದಕ್ಕಿಂತ ಹೆಚ್ಚು ಜನರನ್ನು ದುಡಿಸಿಕೊಳ್ಳುವ ಧಣಿ, ತಾನು ಸಮಾನ ಸಂಬಳ ಕೊಡುತ್ತಿದ್ದೇನೆ ಎಂದು ತಾನೇ ರುಜುವಾತು ಮಾಡಬೇಕು. ಮೋಸ ನಡೆದಿದೆ ಎಂದು ತೋರಿಸುವ ಹೊರೆ ದುಡಿಯುವವಳ ಹೆಗಲಿನಿಂದ ಇಳಿದು ಧಣಿಯ ಹೆಗಲಿಗೆ ಬಿತ್ತು. ಇದು ದೊಡ್ಡ ಮಾತು.

ಆದರೆ ಆ ಮೊದಲ ಮೆಟ್ಟಿಲಿಗೂ ಒಂದು ಅಡಿ ಇದೆ. 2019ರ ಮಾರ್ಚ್ 8ರಂದು, ಮಹಿಳಾ ದಿನದಂದೇ, ರೇಕ್ಯಾವಿಕ್ ನಗರದ ಹೊಟೆಲುಗಳಲ್ಲಿ ಕೊಠಡಿ ಗುಡಿಸಿ ಹಾಸಿಗೆ ಹಾಸುವ ಹೆಂಗಸರು ಮುಷ್ಕರ ಹೂಡಿದರು. ಅವರಲ್ಲಿ ಬಹುಪಾಲು ಹೊರದೇಶಗಳಿಂದ ಹೊಟ್ಟೆಪಾಡಿಗೆ ಬಂದವರು. ಸಮಾನತೆಯಲ್ಲಿ ಜಗತ್ತಿಗೇ ಮೊದಲಾದ ದೇಶದಲ್ಲೂ ಕಸ ಬಳಿಯೋಳು ಬೇರೆಯವಳೇ.

ರುವಾಂಡಾದ ಕತೆಯೂ ಹೀಗೇ ಎರಡು ಮುಖದ್ದು. 1994ರ ನರಮೇಧದ ನಂತರ ಎದ್ದು ನಿಂತ ಈ ದೇಶ 2003ರ ಸಂವಿಧಾನದಲ್ಲೇ ಹೆಂಗಸರಿಗೆ ಕನಿಷ್ಠ ಶೇ. 30 ಪಾಲು ಬರೆಯಿತು. 2008ರಲ್ಲಿ ಹೆಂಗಸರೇ ಬಹುಮತದಲ್ಲಿರುವ ಜಗತ್ತಿನ ಮೊದಲ ಪಾರ್ಲಿಮೆಂಟು ಅಲ್ಲಿ ಕೂತಿತು. ಹೆಣ್ಣುಮಕ್ಕಳಿಗೂ ಆಸ್ತಿಯಲ್ಲಿ ಪಾಲು ಕೊಡುವ ಕಾನೂನು 1999ರಲ್ಲೇ ಬಂದಿತ್ತು. ಸಂತೋಷ. ಆದರೆ ಗಂಡ ಹೆಂಡಿರ ಆಸ್ತಿಯ ರಕ್ಷಣೆ ಸರ್ಕಾರಿ ದಾಖಲೆಯಲ್ಲಿ ಮದುವೆಯಾದವಳಿಗೆ ಸಿಕ್ಕಿತು, ಬರಿದೇ ಕೂಡಿಬಾಳಿದ ಬಡವಿಯ ಕೈಗೆ ಬರಲಿಲ್ಲ. ಇನ್ನು 2024ರಲ್ಲಿ ಅಲ್ಲಿನ ಅಧ್ಯಕ್ಷ ಕಗಾಮೆ ಗೆದ್ದದ್ದು ಶೇ. 99ಕ್ಕೂ ಮೀರಿದ ಮತಗಳಿಂದ. ಇಂಥ ರಾಜ್ಯದಲ್ಲಿ ಪಾರ್ಲಿಮೆಂಟಿನ ಕುರ್ಚಿಯಿಂದ ಬೇಡ ಅನ್ನುವ ದನಿ ಎಷ್ಟು ದೂರ ಹೋದೀತು? ಪಟ್ಟಿ ಕುರ್ಚಿಗಳನ್ನು ಎಣಿಸುತ್ತದೆ, ದನಿಯನ್ನು ಎಣಿಸುವುದಿಲ್ಲ.

ಈಗ ನಮ್ಮ ಮನೆಯ ಲೆಕ್ಕ. ಸಮಾನ ಮೌಲ್ಯದ ಕೆಲಸಕ್ಕೆ ಸಮಾನ ವೇತನ ಎಂಬ 1951ರ ಅಂತರರಾಷ್ಟ್ರೀಯ ಒಪ್ಪಂದಕ್ಕೆ ಭಾರತ 1958ರಲ್ಲೇ ಒಪ್ಪಿಗೆ ಕೊಟ್ಟಿತು. ಆದರೆ 1976ರ ಸಮಾನ ವೇತನ ಕಾಯಿದೆ ಬರೆಯುವಾಗ 'ಸಮಾನ ಮೌಲ್ಯ' ಜಾರಿಹೋಗಿ 'ಅದೇ ಕೆಲಸ ಅಥವಾ ಅದೇ ಬಗೆಯ ಕೆಲಸ' ಎಂದಾಯಿತು. 2019ರ ವೇತನ ಸಂಹಿತೆಯೂ ಅದೇ ಮಾತನ್ನು ಉಳಿಸಿಕೊಂಡಿತು. ಹೊಲಕ್ಕೆ ಬಂದು ನೋಡಿ, ಈ ಮಾತಿನ ಕರಾಮತ್ತು ತಿಳಿಯುತ್ತದೆ. ನೇಗಿಲು ಹೊಡೆಯೋದು ಗಂಡಾಳಿನ ಕೆಲಸ, ನಾಟಿ ಹಾಕೋದು, ಕಳೆ ಕೀಳೋದು ಹೆಣ್ಣಾಳಿನ ಕೆಲಸ. ಕೆಲಸವೇ ಬೇರೆ ಅಂದಮೇಲೆ ಕೂಲಿಯೂ ಬೇರೆ. ದಿನವಿಡೀ ಕೆಸರಿನಲ್ಲಿ ಬಗ್ಗಿದ ಸೊಂಟದ ಬೆಲೆ ಎಷ್ಟೆಂದು ಕಾಯಿದೆ ಕೇಳುವುದೇ ಇಲ್ಲ.

ರಾಜಸ್ಥಾನದ ಭಟೇರಿಯಲ್ಲಿ ಏನಾಯಿತು? ಕುಂಬಾರ ಜಾತಿಯ ಭನ್ವರಿ ದೇವಿ ಸರ್ಕಾರದ ಮಹಿಳಾ ಯೋಜನೆಯಲ್ಲಿ ಪುಡಿಗಾಸಿಗೆ ದುಡಿಯುತ್ತಿದ್ದರು. 1992ರಲ್ಲಿ ಒಂದು ಬಾಲ್ಯವಿವಾಹ ತಡೆಯಹೋದರು. ಅದಕ್ಕೆ ಸೇಡಾಗಿ ಊರಿನ ಪ್ರಬಲ ಜಾತಿಯ ಗಂಡಸರು ತನ್ನ ಮೇಲೆ ಅತ್ಯಾಚಾರ ಮಾಡಿದರೆಂದು ದೂರು ಕೊಟ್ಟರು. 1995ರಲ್ಲಿ ಕೋರ್ಟು ಆ ಆರೋಪದಿಂದ ಅವರನ್ನು ಬಿಡುಗಡೆ ಮಾಡಿತು. ಇದೇ ಪ್ರಕರಣದ ಬೆನ್ನಿಗೆ ಹುಟ್ಟಿದ್ದು ಸುಪ್ರೀಂ ಕೋರ್ಟಿನ 1997ರ ವಿಶಾಖಾ ತೀರ್ಪು, ಆಮೇಲೆ 2013ರ ಕಾಯಿದೆ. ಅದರ ಪ್ರಕಾರ ಆಫೀಸುಗಳಲ್ಲಿ ದೂರು ಕೇಳುವ ಸಮಿತಿ ಇರಬೇಕು. ಹೊಲದಲ್ಲಿ, ಮನೆಗೆಲಸದಲ್ಲಿ ದುಡಿಯುವವಳಿಗೆ? ಜಿಲ್ಲೆಗೊಂದು ಸಮಿತಿ. ದಿನದ ಕೂಲಿ ಬಿಟ್ಟು, ಬಸ್ಸಿನ ಕಾಸು ಹೊಂಚಿ, ಊರ ಗೌಡನ ಮೇಲೆ ದೂರು ಹೇಳಲು ಅವಳು ಜಿಲ್ಲಾ ಕೇಂದ್ರಕ್ಕೆ ಹೋಗಬೇಕು. ಕುಂಬಾರಗಿತ್ತಿಯ ನೋವಿನ ಮಣ್ಣಿನಲ್ಲಿ ಮಡಕೆಯಾಯಿತು, ನೀರು ಮಾತ್ರ ಬೇರೆಯವರ ಮನೆಗೆ.

ನಮ್ಮ ರಾಜ್ಯದ ಹೆಸರೇ ಇರುವ ಇನ್ನೊಂದು ತೀರ್ಪಿದೆ. ಕರ್ನಾಟಕ ಸರ್ಕಾರ ಮತ್ತು ಅಮೀರ್‌ಬಿ ಮೊಕದ್ದಮೆಯಲ್ಲಿ ಅಂಗನವಾಡಿಯವರದು ಸರ್ಕಾರಿ ಹುದ್ದೆಯಲ್ಲ ಎಂದು 2006ರಲ್ಲಿ ಸುಪ್ರೀಂ ಕೋರ್ಟು ಹೇಳಿತು. ಕೂಸಿಗೆ ಉಣಿಸೋದು, ತೂಕ ನೋಡೋದು, ಬಸುರಿಯ ಲೆಕ್ಕ ಬರೆಯೋದು ಎಲ್ಲ ಸರ್ಕಾರದ್ದೇ. ಮಾಡುವವಳು ಮಾತ್ರ ಸರ್ಕಾರದವಳಲ್ಲ. ಕೊಡೋದು ಸಂಬಳವಲ್ಲ, 'ಗೌರವಧನ'! ಅವರಿಗೂ ಗ್ರಾಚ್ಯುಟಿಯ ಹಕ್ಕಿದೆ ಎಂದು ಅದೇ ಕೋರ್ಟು ಒಪ್ಪಿದ್ದು 2022ರಲ್ಲಿ. ಹೆಣ್ಣಿನ ಆರೈಕೆಯ ದುಡಿಮೆಗೆ ತಾನೇ ಕೂಲಿ ಕೊಡದ ಸರ್ಕಾರ, ಖಾಸಗಿ ಧಣಿಗೆ ಯಾವ ಬಾಯಲ್ಲಿ ಸಮಾನತೆ ಬೋಧಿಸುತ್ತದೆ?

ಅಧಿಕಾರದ ಪಾಲಿನಲ್ಲೂ ಅಷ್ಟೆ. 1983ರ ಕಾಯಿದೆಯ ಮೂಲಕ ಕರ್ನಾಟಕ ಸ್ಥಳೀಯ ಸಂಸ್ಥೆಗಳಲ್ಲಿ ಹೆಂಗಸರಿಗೆ ಶೇ. 25 ಸ್ಥಾನ ಕೊಟ್ಟು 1987ರಲ್ಲಿ ಚುನಾವಣೆ ನಡೆಸಿತು. ದೇಶಕ್ಕೆ ದೇಶವೇ ಈ ಹಾದಿ ಹಿಡಿದದ್ದು 1993ರಲ್ಲಿ. ಇದು ನಾವು ಹೆಮ್ಮೆಪಡುವ ಸಂಗತಿ. ಆದರೆ 2020ರಲ್ಲಿ ತಮಿಳುನಾಡಿನ ಕಡಲೂರು ಜಿಲ್ಲೆಯಲ್ಲಿ ಪಂಚಾಯತಿ ಅಧ್ಯಕ್ಷೆಯಾಗಿದ್ದ ದಲಿತ ಮಹಿಳೆಯನ್ನು ಸಭೆಯಲ್ಲಿ ನೆಲದ ಮೇಲೆ ಕೂರಿಸಿದರು. ಉಳಿದವರಿಗೆಲ್ಲ ಕುರ್ಚಿ. ಲೆಕ್ಕಕ್ಕೆ ಅಲ್ಲಿ ಹೆಣ್ಣು ಅಧ್ಯಕ್ಷೆ ಇದ್ದಳು, ಅಂತರ ಮುಚ್ಚಿತ್ತು. ಇನ್ನು ಲೋಕಸಭೆಗೆ ಮೂರನೇ ಒಂದು ಪಾಲು ಎಂಬ ಮಸೂದೆ 1996ರಲ್ಲಿ ಬಂದು, ಕಾನೂನಾದದ್ದು 2023ರಲ್ಲಿ. ಮೊದಲು ಜನಗಣತಿ, ಆಮೇಲೆ ಕ್ಷೇತ್ರ ವಿಂಗಡಣೆ, ಆಮೇಲೆ ಪಾಲು ಎಂದು ಅದರಲ್ಲೇ ಬರೆದರು. 2024ರ ಚುನಾವಣೆಯಲ್ಲಿ 543ರಲ್ಲಿ ಗೆದ್ದ ಹೆಂಗಸರು 74. ಆ ಕಾನೂನಿನಲ್ಲಿ ಪರಿಶಿಷ್ಟರ ಸ್ಥಾನಗಳೊಳಗೆ ಪರಿಶಿಷ್ಟ ಹೆಂಗಸರಿಗೆ ಪಾಲುಂಟು. ಹಿಂದುಳಿದ ಜಾತಿಗಳ ಹೆಂಗಸರಿಗೆ ಬೇರೆ ಪಾಲಿಲ್ಲ.

ಅಂಕಿಸಂಖ್ಯೆ ಬೇಡ ಎಂಬುದು ನಮ್ಮ ವಾದವಲ್ಲ. ಎಣಿಸುವುದಾದರೆ ಪೂರ್ತಿ ಎಣಿಸಿ ಅನ್ನುತ್ತೇವೆ. ಗಂಡು ಹೆಣ್ಣಿನ ನಡುವಿನ ಅಂತರದ ಜೊತೆಗೆ ಹೆಣ್ಣು ಹೆಣ್ಣಿನ ನಡುವಿನ ಅಂತರವನ್ನೂ ಬರೆಯಿರಿ: ಜಾತಿಯದು, ಭೂಮಿಯದು, ಕೂಲಿಯದು. ವಿಶ್ವಸಂಸ್ಥೆಯ ಮಹಿಳಾ ಸಮಿತಿ 2007ರಲ್ಲೇ ದಲಿತ ಹೆಂಗಸರ ಮೇಲಿನ ದೌರ್ಜನ್ಯದ ಬಗ್ಗೆ ಭಾರತ ಸರ್ಕಾರವನ್ನು ಕೇಳಿದೆ. ಆ ಪ್ರಶ್ನೆಯನ್ನು ಪಟ್ಟಿಗೂ ಸೇರಿಸಿ. ಧಣಿಯೇ ರುಜುವಾತು ಮಾಡಬೇಕೆಂಬ ಐಸ್‌ಲ್ಯಾಂಡಿನ ನಿಯಮವನ್ನು ಇಲ್ಲಿಗೂ ತನ್ನಿ, ಮೊದಲು ಸರ್ಕಾರವೆಂಬ ಧಣಿಗೇ ಹಾಕಿ. ಅಂಗನವಾಡಿಯಿಂದ ಶುರುಮಾಡಿ. 131ನೇ ಮೆಟ್ಟಿಲಿನಿಂದ 100ಕ್ಕೆ ಏರಿದರೂ ನಾಟಿ ಹಾಕುವವಳ ಕೂಲಿ ಒಂದು ರೂಪಾಯಿ ಏರದಿದ್ದರೆ, ಆ ಏಣಿ ನಮ್ಮದಲ್ಲ.