ಟುಟು ಕಳಚಿದರೆ ಬ್ಯಾಲೆ ದೊಡ್ಡದಾಯಿತೆ?

ಬ್ಯಾಲೆ ನರ್ತಕಿಯರ ನಿರಿಗೆ ಲಂಗವಾದ ಟುಟುವನ್ನು ಕಳಚಿಟ್ಟ ಮೇಲೆಯೇ ಬ್ಯಾಲೆ ಗಂಭೀರ ಕಲೆಯಾಯಿತು ಎಂಬ ತೀರ್ಪು ಈಗ ಪಾಠಪುಸ್ತಕದ ಮಾತಿನಷ್ಟು ಭದ್ರವಾಗಿ ಕುಳಿತುಬಿಟ್ಟಿದೆ. ಇಸಡೊರಾ ಡಂಕನ್ ಬರಿಗಾಲಲ್ಲಿ ಕುಣಿದು ದಾರಿ ತೋರಿಸಿದಳು, ನೃತ್ಯ ಸಂಯೋಜಕ ಫೊಕೀನ್ 1914ರಲ್ಲಿ ಲಂಡನ್ನಿನ ‘ಟೈಮ್ಸ್’ ಪತ್ರಿಕೆಗೆ ಕಾಗದ ಬರೆದು ಹಳೆಯ ಕಟ್ಟುಪಾಡುಗಳನ್ನು ತಿರಸ್ಕರಿಸಿದ, ಅವನ ನಂತರದ ಸಂಯೋಜಕ ಬ್ಯಾಲಂಚೀನ್ ತನ್ನ ನರ್ತಕಿಯರನ್ನು ಮೈಗಂಟಿದ ಅಭ್ಯಾಸದ ಉಡುಪಿನಲ್ಲೇ ರಂಗಕ್ಕೆ ಕಳಿಸಿದ. ಅಲ್ಲಿಗೆ ಬಟ್ಟೆ ಹೋಗಿ ದೇಹ ಉಳಿಯಿತು, ಸಕ್ಕರೆ ಹೋಗಿ ಸತ್ವ ಉಳಿಯಿತು. ಕಥೆ ಅಚ್ಚುಕಟ್ಟಾಗಿದೆ, ಆದರೆ ನಿಜವಲ್ಲ. ಹುಟ್ಟುಹಬ್ಬದ ಗುಲಾಬಿ ಫ್ರಾಕುಗಳನ್ನು ನೋಡಿ ನೋಡಿ ನಮಗೆ ಟುಟು ಎಂದರೆ ಚಿಕ್ಕ ಹುಡುಗಿಯರ ಆಸೆ ಎನಿಸಿಬಿಟ್ಟಿದೆ. ಆ ಅನಿಸಿಕೆಯನ್ನೇ ವಿಮರ್ಶೆ ಎಂದು ಬರೆಯುವವರನ್ನು ಸಹಿಸಿಕೊಳ್ಳುವುದು ನನ್ನಿಂದ ಆಗುತ್ತಿಲ್ಲ.

ಮೊದಲು ಒಂದು ವಿಷಯ ಒಪ್ಪಿಕೊಳ್ಳುತ್ತೇನೆ. 1832ರ ಮಾರ್ಚ್ 12ರಂದು ಪ್ಯಾರಿಸ್ ಒಪೆರಾದಲ್ಲಿ ‘ಲಾ ಸಿಲ್ಫೀಡ್’ ಆಡಿದಾಗ ಮಾರಿ ತಾಲ್ಯೋನಿ ತೊಟ್ಟ ಗಂಟೆಯಾಕಾರದ ಉದ್ದ ಬಿಳಿ ಲಂಗದ ಬಗ್ಗೆ ನನಗೆ ಯಾವ ಭಕ್ತಿಯೂ ಇಲ್ಲ. ಚರಿತ್ರೆ ಅಲ್ಲಿಂದಲೇ ಶುರುವಾಗುತ್ತದೆ, ಇರಲಿ. ಗ್ಯಾಸ್ ದೀಪದ ಮಸುಕು ಬೆಳಕಿನಲ್ಲಿ ಆ ಅರಳೆಬಿಳುಪು ಮಂಜಿನಂತೆ ಕಂಡಿರಬೇಕು, ಪ್ಯಾರಿಸ್ ಮರುಳಾಯಿತು. ಆದರೆ ಮಂಜು ಏನನ್ನು ತೋರಿಸುತ್ತದೆ? ಕಣಕಾಲಿನ ಮೇಲಿನದೆಲ್ಲ ಊಹೆಗೆ ಬಿಟ್ಟದ್ದು. ಅದಕ್ಕೂ ಒಂದು ಶತಮಾನ ಮೊದಲು ಕಮಾರ್ಗೋ ಎಂಬಾಕೆ ತನ್ನ ಪಾದಗಳ ಚುರುಕು ಜನಕ್ಕೆ ಕಾಣಲಿ ಎಂದು ಲಂಗದ ಅಂಚನ್ನು ಮೇಲಕ್ಕೆ ಸರಿಸಿದ್ದಳು. ನಂತರ ಬಂದ ರೊಮ್ಯಾಂಟಿಕ್ ಕಾಲ ಹೆಣ್ಣನ್ನು ನೆಲ ಮುಟ್ಟದ ಗಾಳಿಯ ಜೀವವಾಗಿ ಮಾಡುವ ಹುಮ್ಮಸ್ಸಿನಲ್ಲಿ ಕಾಲಿನ ಬುದ್ಧಿಯನ್ನು ಮುಸುಕಿನೊಳಗೇ ಇಟ್ಟಿತು. ಅದೇ ಉದ್ದ ಬಿಳಿ ಲಂಗಗಳ ‘ಜಿಸೆಲ್’ ಬ್ಯಾಲೆಯ ಎರಡನೆಯ ಅಂಕವನ್ನು ಹೊಗಳುವವರು ಹೊಗಳಿಕೊಳ್ಳಲಿ. ನಾನು ಹೇಳುತ್ತಿರುವ ಟುಟು ಅದಲ್ಲ.

ಆದರೂ ಆ ಉದ್ದ ಲಂಗದ ಕಾಲದಿಂದ ಒಬ್ಬಳನ್ನು ಬಿಟ್ಟು ಮುಂದೆ ಹೋಗಲಾರೆ. ಎಮ್ಮಾ ಲಿವ್ರಿ ತಾಲ್ಯೋನಿಯ ಶಿಷ್ಯೆ. ಗುರು ತಾನೇ ಸಂಯೋಜಿಸಿದ ಒಂದೇ ಒಂದು ಬ್ಯಾಲೆ, 1860ರ ‘ಲ ಪಾಪಿಯೋಂ’, ಈ ಹುಡುಗಿಗಾಗಿಯೇ. ಆಗ ರಂಗದ ದೀಪಗಳಿಗೆ ಲಂಗ ತಾಗಿ ನರ್ತಕಿಯರು ಸುಟ್ಟುಕೊಳ್ಳುವುದು ಅಪರೂಪವಾಗಿರಲಿಲ್ಲ. ಲಂಡನ್ನಿನ ಡ್ರೂರಿ ಲೇನ್‌ನಲ್ಲಿ ಕ್ಲಾರಾ ವೆಬ್‌ಸ್ಟರ್ 1844ರಲ್ಲಿ ಹಾಗೆಯೇ ಸತ್ತಿದ್ದಳು. ಬೆಂಕಿ ಹಿಡಿಯದ ದ್ರಾವಣದಲ್ಲಿ ಬಟ್ಟೆಯನ್ನು ಅದ್ದಬೇಕೆಂದು ಫ್ರಾನ್ಸಿನಲ್ಲಿ 1859ರಲ್ಲೇ ಆಜ್ಞೆಯಾಗಿತ್ತು. ಅದ್ದಿದ ಬಟ್ಟೆ ಒರಟಾಗುತ್ತಿತ್ತು, ಮಾಸಲಾಗುತ್ತಿತ್ತು. ತನಗೆ ಮಾಮೂಲಿ ಲಂಗವೇ ಬೇಕು, ಹೊಣೆ ತನ್ನದೇ ಎಂದು ಲಿವ್ರಿ ಬರೆದುಕೊಟ್ಟಳು. 1862ರ ನವೆಂಬರ್ 15ರಂದು ತಾಲೀಮಿನ ನಡುವೆ ಕೂರುವಾಗ, ನಿರಿಗೆ ನಲುಗಬಾರದೆಂದು ಲಂಗವನ್ನು ಕೊಡವಿ ಎತ್ತಿದಳು. ಪಕ್ಕದ ಗ್ಯಾಸ್ ಉರಿ ಹತ್ತಿಕೊಂಡಿತು. ಎಂಟು ತಿಂಗಳು ನರಳಿ ಮುಂದಿನ ಜುಲೈಯಲ್ಲಿ ತೀರಿಕೊಂಡಳು. ಅವಳಿಗೆ ಆಗ ಇಪ್ಪತ್ತು ವರ್ಷ. ಆ ಉಡುಪಿನ ಸುಟ್ಟ ಚೂರುಗಳನ್ನು ಪ್ಯಾರಿಸ್ ಒಪೆರಾದ ಸಂಗ್ರಹದಲ್ಲಿ ಇಂದಿಗೂ ಇಟ್ಟಿದ್ದಾರೆ.

ಇದನ್ನು ಹೇಳುವವರೆಲ್ಲ ಚೆಂದದ ಹುಚ್ಚಿಗೆ ಬಲಿಯಾದ ಹುಡುಗಿ ಎಂದು ಮರುಗಿ ಸುಮ್ಮನಾಗುತ್ತಾರೆ. ನನಗೆ ಅದರಲ್ಲಿ ಕಸುಬಿನ ತಿಳಿವಳಿಕೆ ಕಾಣುತ್ತದೆ. ಅದ್ದಿದ ಬಟ್ಟೆ ತನ್ನ ಜಿಗಿತದ ಜೊತೆ ಏಳುವುದಿಲ್ಲ, ಇಳಿಯುವಾಗ ತಡೆದು ಇಳಿಯುವುದಿಲ್ಲ ಎಂದು ಅವಳಿಗೆ ಗೊತ್ತಿತ್ತು. ಪ್ರೇಕ್ಷಕರು ಹಗುರ ಎಂದು ಕರೆಯುತ್ತಿದ್ದದ್ದರಲ್ಲಿ ಅರ್ಧ ಅವಳ ಮಂಡಿಯಲ್ಲಿತ್ತು, ಇನ್ನರ್ಧ ಬಟ್ಟೆಯಲ್ಲಿತ್ತು. ಬದಲಾಗಬೇಕಿದ್ದದ್ದು ರಂಗದ ಪಕ್ಕದ ಬತ್ತಲೆ ಉರಿ. ಅದನ್ನು ಹಾಗೇ ಬಿಟ್ಟು ಹುಡುಗಿಯ ಲಂಗವನ್ನು ತಿದ್ದಲು ಹೊರಟ ಆಡಳಿತವನ್ನು ಯಾರೂ ಬೈಯುವುದಿಲ್ಲ.

ತಪ್ಪನ್ನು ಉಡುಪಿನ ಮೇಲೆ ಹೊರಿಸುವ ಈ ವಾಡಿಕೆ ಹಳೆಯದು. ಪ್ಯಾರಿಸ್ ಒಪೆರಾದ ನೃತ್ಯದ ಪಡಸಾಲೆಗೆ ಹಣವಂತ ಚಂದಾದಾರರು ಕಪ್ಪು ಕೋಟು ತೊಟ್ಟು ಬರುತ್ತಿದ್ದರು, ಬಡವರ ಮಕ್ಕಳನ್ನು ಆರಿಸಿಕೊಳ್ಳುತ್ತಿದ್ದರು. ಡೆಗಾನ ಚಿತ್ರಗಳ ಅಂಚಿನಲ್ಲಿ ಅವರು ನಿಂತಿದ್ದಾರೆ. ಆದರೆ ಇಂದು ಆ ಪಾಪದ ಹೊರೆಯನ್ನು ಹೊತ್ತಿರುವುದು ಟುಟು. ಗಂಡಸಿನ ಕಣ್ಣಿಗಾಗಿ ಹೊಲಿದ ಬಟ್ಟೆ ಎಂದು ಸುಲಭವಾಗಿ ಬರೆದುಬಿಡುತ್ತಾರೆ. ನರ್ತಕಿ ವರ್ಜೀನಿಯಾ ಜುಕ್ಕಿ 1885ರಲ್ಲಿ ಸೇಂಟ್ ಪೀಟರ್ಸ್‌ಬರ್ಗ್‌ಗೆ ಬಂದು ಲಂಗ ಗಿಡ್ಡವೇ ಇರಬೇಕೆಂದು ಹಟ ಹಿಡಿದದ್ದು ಯಾರ ಕಣ್ಣಿಗಾಗಿ? ಇಟಲಿಯ ತರಬೇತಿ ಅವಳ ಕಾಲುಗಳಿಗೆ ಕೊಟ್ಟಿದ್ದನ್ನು ತೋರಿಸಲು ಅವಳಿಗೆ ಜಾಗ ಬೇಕಿತ್ತು. ಹತ್ತು ವರ್ಷದ ಬಳಿಕ ಅಲ್ಲಿಯೇ ಲೆನ್ಯಾನಿ ಎಂಬ ನರ್ತಕಿ ‘ಸ್ವಾನ್ ಲೇಕ್’ನಲ್ಲಿ ಒಂಟಿಕಾಲ ಮೇಲೆ 32 ಸುತ್ತು ಸುತ್ತಿದಳು. ತಾಲ್ಯೋನಿಯ ಲಂಗದೊಳಗೆ ಆ ಸುತ್ತುಗಳನ್ನು ಯಾರು ಎಣಿಸಬಲ್ಲರು?

ಸೊಂಟದ ಹತ್ತಿರ ನೆಲಕ್ಕೆ ಸಮಾನಾಂತರವಾಗಿ ಚಾಚಿದ ಆ ಗಿಡ್ಡ ಲಂಗದ ತಟ್ಟೆ ಒಂದು ಉಪಕರಣ. ಅದರ ಕೆಳಗೆ ಕಾಲು ಬುಡದಿಂದ ತುದಿಯವರೆಗೂ ತೆರೆದಿದೆ, ಮೇಲೆ ಬೆನ್ನು ಮತ್ತು ಕೈ. ನರ್ತಕಿ ಒಂದು ಬೆರಳಗಲ ವಾಲಿದರೂ ತಟ್ಟೆ ವಾಲಿ ಎಲ್ಲರಿಗೂ ಸಾರುತ್ತದೆ. ಮೈಗಂಟಿದ ಉಡುಪಿನಲ್ಲಿ ಅಂಥ ತಪ್ಪು ಮುಚ್ಚಿಹೋಗುತ್ತದೆ. ಹಿಂದೆ ನಿಂತು ಅವಳ ಸೊಂಟ ಹಿಡಿಯುವ ಗಂಡು ನರ್ತಕನಿಗೆ ಅವಳ ಪಾದ ಕಾಣುವುದಿಲ್ಲ, ನಡುವೆ ಆ ತಟ್ಟೆ ಇದೆ. ಅವಳ ತೂಕ ಎಲ್ಲಿದೆ ಎಂದು ಅವನು ಅಂಗೈಯಲ್ಲೇ ತಿಳಿಯಬೇಕು. ಇಷ್ಟು ಕಟ್ಟುನಿಟ್ಟಿನ ಬಟ್ಟೆಯನ್ನು ಮುದ್ದು ಎಂದು ಕರೆಯುವವರು ಅದನ್ನು ನೋಡಿಯೇ ಇಲ್ಲ.

ಇನ್ನು ನನ್ನ ನಾಯಕಿಯ ಮಾತು. ಬಾರ್ಬರಾ ಕರಿನ್‌ಸ್ಕಾ ಹುಟ್ಟಿದ್ದು 1886ರಲ್ಲಿ, ಖಾರ್ಕಿವ್‌ನ ಬಟ್ಟೆ ವ್ಯಾಪಾರಿಯ ಮನೆಯಲ್ಲಿ. ಕಸೂತಿ ಕೈಗೆ ಬಂದದ್ದು ಅಲ್ಲಿ. ರಷ್ಯಾದ ಕ್ರಾಂತಿಯ ನಂತರ ದೇಶ ಬಿಟ್ಟು ಪ್ಯಾರಿಸ್ ಸೇರಿ ಹೊಲಿದು ಬದುಕಿದಳು. 1932ರಲ್ಲಿ ಬ್ಯಾಲಂಚೀನನ ‘ಕೊತಿಯೋಂ’ಗಾಗಿ ಚಿತ್ರಕಾರ ಬೆರಾರ್ ಬರೆದ ಚಿತ್ರಗಳನ್ನು ಬಟ್ಟೆಯಾಗಿಸಿದಾಗ ಅವಳಿಗೆ ನಲವತ್ತು ದಾಟಿ ಎಷ್ಟೋ ಕಾಲವಾಗಿತ್ತು. ಬಳಿಕ ಲಂಡನ್, ಬಳಿಕ ನ್ಯೂಯಾರ್ಕ್. ‘ಜೋನ್ ಆಫ್ ಆರ್ಕ್’ ಚಿತ್ರಕ್ಕೆ ಆಸ್ಕರ್ ಸಿಕ್ಕಿತು. ಚಿತ್ರಕಾರರು ಬರೆದುಕೊಟ್ಟದ್ದನ್ನು ಹೊಲಿಯುವ ದರ್ಜಿಯಾಗಿಯೇ ಬಹುಕಾಲ ದುಡಿದ ಮೇಲೆ, 1949ರ ‘ಬುರೆ ಫಂಟಾಸ್ಕ್’ಗೆ ವಿನ್ಯಾಸವೂ ಅವಳದೇ ಆಯಿತು. ಅರವತ್ತು ದಾಟಿದ ಮೇಲೆ!

1950ರಲ್ಲಿ ಬ್ಯಾಲಂಚೀನನ ಕಂಪನಿ ನ್ಯೂಯಾರ್ಕ್ ಸಿಟಿ ಬ್ಯಾಲೆಯ ‘ಸಿಂಫನಿ ಇನ್ ಸಿ’ಗೆ ಹೊಸ ಉಡುಪು ಬೇಕಾಯಿತು. ಬಿಜೆಯ ಸಂಗೀತ, ಕೊನೆಯ ಭಾಗದಲ್ಲಿ ರಂಗದ ತುಂಬ ಸುಮಾರು ಐವತ್ತು ಮಂದಿ. ಒಳಗೆ ತಂತಿ ಹಾಕಿ ಬಿಗಿಮಾಡಿದ ಹಳೆಯ ತಟ್ಟೆ ಟುಟು ಅಷ್ಟು ಜನದ ನಡುವೆ ಒಂದಕ್ಕೊಂದು ತಾಗುತ್ತದೆ, ತಾಗಿದರೆ ಇಡೀ ತಟ್ಟೆ ಎಗರುತ್ತದೆ. ಕರಿನ್‌ಸ್ಕಾ ತಂತಿಯನ್ನು ಕಿತ್ತು ಎಸೆದಳು. ಆರೇಳು ಪದರ ನೆಟ್ ಬಟ್ಟೆಯನ್ನು ನಿರಿಗೆ ಹಿಡಿದು, ಅಡಿಯದು ಗಿಡ್ಡ, ಅದರ ಮೇಲಿನದು ಅರ್ಧ ಇಂಚು ಉದ್ದ, ಹೀಗೆ ಒಂದರ ಬೆನ್ನ ಮೇಲೆ ಒಂದನ್ನು ಕೂರಿಸಿ, ನಡುನಡುವೆ ಸಡಿಲ ಟಾಕೆ ಹಾಕಿ ಕಟ್ಟಿದಳು. ಗಿಡ್ಡ ಪದರ ಉದ್ದದ್ದನ್ನು ಹೊರುತ್ತದೆ, ತಂತಿಯೇ ಬೇಡ. ಮೇಲ್ಭಾಗಕ್ಕೆ ಹಲವು ತುಂಡುಗಳ ಕುಪ್ಪಸ. ಎದುರಿನ ತುಂಡು ನೇರ ಎಳೆಯಲ್ಲಿ, ಬದಿಯವು ನಮ್ಮ ದರ್ಜಿಗಳು ಕ್ರಾಸ್ ಎನ್ನುವ ಓರೆ ಕತ್ತರಿಕೆಯಲ್ಲಿ. ಹಾಗಾಗಿ ಉಸಿರೆಳೆದರೆ ಹಿಗ್ಗುತ್ತದೆ, ಬಿಟ್ಟರೆ ಹಿಂದಕ್ಕೆ ಬರುತ್ತದೆ. ಒಂದು ಬಣ್ಣ ಬೇಕೆಂದರೆ ಆ ಬಣ್ಣದ ನೆಟ್ ತರುತ್ತಿರಲಿಲ್ಲ, ಬೇರೆಬೇರೆ ಬಣ್ಣದ ಪದರಗಳನ್ನು ಒಂದರ ಮೇಲೊಂದಿಟ್ಟು ಅದನ್ನು ಹುಟ್ಟಿಸುತ್ತಿದ್ದಳು. ನರ್ತಕಿ ತಿರುಗಿದಾಗ ಒಳಗಿನ ಬಣ್ಣ ಇಣುಕುತ್ತದೆ. ತಾಲ್ಯೋನಿಯ ಮೆದು ಬಟ್ಟೆ ಕಾಲನ್ನು ನುಂಗಿತು, ಕರಿನ್‌ಸ್ಕಾಳ ಮೆದು ಬಟ್ಟೆ ಕಾಲಿಗೆ ದಾರಿ ಬಿಟ್ಟಿತು. ಎರಡನ್ನೂ ಒಂದೇ ತಕ್ಕಡಿಯಲ್ಲಿ ತೂಗಿ ಎನ್ನುವವರಿಗೆ ನನ್ನ ಉತ್ತರ ಇಷ್ಟೇ.

ಈಗ ಇಸವಿಗಳನ್ನು ಪಕ್ಕಪಕ್ಕ ಇಟ್ಟು ನೋಡಿ. ಬ್ಯಾಲಂಚೀನ್ ‘ಕನ್ಸರ್ಟೊ ಬರೊಕೊ’, ‘ದ ಫೋರ್ ಟೆಂಪರಮೆಂಟ್ಸ್’ಗಳ ವೇಷ ಕಳಚಿ ಅಭ್ಯಾಸದ ಉಡುಪು ತೊಡಿಸಿದ್ದು 1951ರಲ್ಲಿ. ಅಂದರೆ ಕರಿನ್‌ಸ್ಕಾಳ ಟುಟು ಬಂದ ಮರುವರ್ಷ, ಅದೇ ಕಂಪನಿಯಲ್ಲಿ. ಅಭ್ಯಾಸದ ಉಡುಪಿನದೇ ಆದ ‘ಅಗಾನ್’ 1957, ಹತ್ತು ವರ್ಷದ ಮೇಲೆ ಅವಳ ಉಡುಪಿನ ‘ಜ್ಯುವೆಲ್ಸ್’, ಅದರ ಕೊನೆಯ ಭಾಗದಲ್ಲಿ ಬಿಳಿ ಟುಟುಗಳ ಪೂರ್ಣ ವೈಭವ. ಒಂದು ಹೋಗಿ ಇನ್ನೊಂದು ಬಂದದ್ದಲ್ಲ. ಒಬ್ಬನೇ ಮನುಷ್ಯ ಎರಡನ್ನೂ ಒಟ್ಟಿಗೆ ಬಳಸುತ್ತಿದ್ದ. ಯಾವ ಸಂಗೀತಕ್ಕೆ ಯಾವುದು ಎಂದು ಅವನಿಗೆ ಗೊತ್ತಿತ್ತು. ಅವನ ಹೆಸರು ಹೇಳಿಕೊಂಡು ಟುಟುವಿನ ಶ್ರಾದ್ಧ ಮಾಡುವವರು 1951ನ್ನು ಉದ್ಧರಿಸುತ್ತಾರೆ, 1950 ಮತ್ತು 1967ನ್ನು ಬಿಟ್ಟುಬಿಡುತ್ತಾರೆ. ಬ್ಯಾಲೆಯನ್ನು ಒಡೆದು ಕಟ್ಟಿದವನೆಂದು ಹೆಸರಾದ ಫೋರ್ಸೈಥ್ ಕೂಡ 1996ರ ‘ದ ವರ್ಟಿಜಿನಸ್ ಥ್ರಿಲ್ ಆಫ್ ಎಗ್ಜಾಕ್ಟಿಟ್ಯೂಡ್’ಗೆ ಚಪ್ಪಟೆ ಹಸಿರು ತಟ್ಟೆಗಳನ್ನೇ ತೊಡಿಸಿದ.

ಹಾಗಾದರೆ ಈ ಅಸಡ್ಡೆ ಎಲ್ಲಿಂದ ಬಂತು? ಸರಳವಾದದ್ದೇ ಗಂಭೀರ, ಅಲಂಕಾರ ಮೇಲುಮೇಲಿನದು ಎಂಬ ರುಚಿಯ ದಬ್ಬಾಳಿಕೆ ಇದರ ಬೇರು. ಬೋಳು ಗೋಡೆಯನ್ನು ಕಂಡು ತಲೆದೂಗುವ ಕಣ್ಣಿಗೆ ನಿರಿಗೆ ಕಂಡರೆ ಸಂಶಯ. ಅದರ ಅಡಿಯಲ್ಲಿ ಇನ್ನೊಂದಿದೆ: ಸೂಜಿ ಹಿಡಿದವರು ಬಹುಪಾಲು ಹೆಂಗಸರು, ಅವರದು ಕೆಲಸ, ಕಲೆಯಲ್ಲ. ನಮ್ಮಲ್ಲೂ ನೃತ್ಯ ಕಾರ್ಯಕ್ರಮದ ವರದಿ ಎಂದರೆ ಕೊನೆಯ ಸಾಲಿನಲ್ಲಿ ‘ವೇಷಭೂಷಣ ಸೊಗಸಾಗಿತ್ತು’ ಎಂದು ಬರೆದು ಮುಗಿಸುವುದು. ರುಕ್ಮಿಣಿದೇವಿ ಅರುಂಡೇಲ್ ಅವರನ್ನು ಭರತನಾಟ್ಯ ಶುದ್ಧ ಮಾಡಿದವರು ಎಂದು ಕೆಲವರು ಹೊಗಳಿದರು, ಅದೇ ಕಾರಣಕ್ಕೆ ಇನ್ನು ಕೆಲವರು ಬೈದರು. ನರ್ತಕಿ ಅನ್ನಾ ಪಾವ್ಲೋವಾಳ ಒಡನಾಟದಲ್ಲಿ ಬ್ಯಾಲೆ ಕಲಿಯಲು ತೊಡಗಿ, ನಿಮ್ಮ ನಾಡಿನ ನೃತ್ಯದ ಕಡೆ ತಿರುಗಿ ಎಂಬ ಅವಳ ಮಾತಿನಿಂದಲೇ ತಿರುಗಿದವರು ಅವರು. ಸೀರೆಯನ್ನು ಹೊಲಿದ ಉಡುಪಾಗಿಸಿ, ಅರಮಂಡಿಗೆ ಕೂತಾಗ ಬೀಸಣಿಗೆಯಂತೆ ಬಿಚ್ಚಿಕೊಳ್ಳುವ ನಿರಿಗೆಯನ್ನು ರೂಢಿಗೆ ತಂದವರಲ್ಲಿ ಅವರೇ ಮುಖ್ಯರು. ಮಂಡಿಯ ಕೋನ ಕೊನೆಯ ಸಾಲಿನವರೆಗೂ ಕಾಣುವುದು ಆ ಹೊಲಿಗೆಯಿಂದ. ಹೊಗಳುವವರಾಗಲಿ ಬೈಯುವವರಾಗಲಿ ಆ ನಿರಿಗೆಯ ಬಗ್ಗೆ ಒಂದು ಪುಟ ಬರೆದದ್ದನ್ನು ನಾನು ಕಂಡಿಲ್ಲ. ಇಂದು ಮಲ್ಲೇಶ್ವರದ ಯಾವುದೇ ನೃತ್ಯಶಾಲೆಯ ಹುಡುಗಿ ರಂಗಪ್ರವೇಶಕ್ಕೆ ಅದನ್ನೇ ತೊಡುತ್ತಾಳೆ.

ಕರಿನ್‌ಸ್ಕಾ ಕೊನೆಯದಾಗಿ ಹೊಲಿಸಿದ್ದು 1977ರ ‘ವಿಯೆನ್ನಾ ವಾಲ್ಟ್ಸಸ್’ಗೆ. ಬ್ಯಾಲಂಚೀನ್ 1983ರ ಏಪ್ರಿಲ್‌ನಲ್ಲಿ ಹೋದ, ಅದೇ ಅಕ್ಟೋಬರ್‌ನಲ್ಲಿ ಇವಳು. ಅವನ ಮೇಲೆ ಬಂದ ಪುಸ್ತಕಗಳಿಗೆ ಲೆಕ್ಕವಿಲ್ಲ. ಇವಳ ಹೆಸರು ಆ ಪುಸ್ತಕಗಳ ಕೊನೆಯ ಪಟ್ಟಿಗಳಲ್ಲಿ ಸಿಗುತ್ತದೆ. 2012ರಲ್ಲಿ ನ್ಯೂಯಾರ್ಕ್ ಸಿಟಿ ಬ್ಯಾಲೆ ‘ಸಿಂಫನಿ ಇನ್ ಸಿ’ಗೆ ಅವಳ ವಿನ್ಯಾಸ ಬಿಟ್ಟು ಸ್ವರೋವ್ಸ್ಕಿ ಹರಳುಗಳ ಹೊಸ ಟುಟುಗಳನ್ನು ಮಾಡಿಸಿತು. ಹೊಳೆಯುತ್ತವೆ, ನಿಜ, ನರ್ತಕಿ ನಿಂತಿದ್ದಾಗಲೂ ಹೊಳೆಯುತ್ತವೆ. ಕರಿನ್‌ಸ್ಕಾಳ ಬಿಳುಪು ನರ್ತಕಿ ಕುಣಿದಾಗ ಮಾತ್ರ ಬೆಳಗುತ್ತಿತ್ತು. ಹಳೆಯ ಉಡುಪು ಸವೆದಿದ್ದರೆ ಅದೇ ಮಾದರಿಯನ್ನು ಮತ್ತೆ ಹೊಲಿಸಬಹುದಿತ್ತು. ಹಾಗೆ ಹೊಲಿಯಬಲ್ಲವರು ಆ ಕಂಪನಿಯ ಉಡುಪಿನ ಕೋಣೆಯಲ್ಲೇ ಸಂಬಳಕ್ಕಿದ್ದರು.