ಮೇಯರ್ ನಗು, ಪೀಠದ ಗುಂಡೇಟು

ಸತ್ತ ನಾಯಕನ ಪ್ರತಿಮೆ ಎಂದರೆ ಗಂಭೀರ ಮುಖ, ಕೆಳಗೆ ಹುಟ್ಟಿದ, ತೀರಿಕೊಂಡ ಇಸವಿ, ವರ್ಷಕ್ಕೊಂದು ಹಾರ. ಅಮೆರಿಕದ ಸೆರಾಮಿಕ್ ಶಿಲ್ಪಿ ರಾಬರ್ಟ್ ಆರ್ನೆಸನ್ 1981ರಲ್ಲಿ ಮಾಡಿದ ಜಾರ್ಜ್ ಮಾಸ್ಕೋನಿ ಪ್ರತಿಮೆ ಈ ಮರ್ಯಾದೆಗೆ ಸೊಪ್ಪು ಹಾಕಲಿಲ್ಲ.

ಮಾಸ್ಕೋನಿ ಸ್ಯಾನ್ ಫ್ರಾನ್ಸಿಸ್ಕೋದ ಮೇಯರ್. 1978ರ ನವೆಂಬರ್ 27ರಂದು ನಗರಸಭೆಯ ಮಾಜಿ ಸದಸ್ಯ ಡ್ಯಾನ್ ವೈಟ್ ಸಿಟಿ ಹಾಲ್‌ನ ಕಿಟಕಿಯಿಂದ ಒಳನುಸುಳಿ ಅವರನ್ನು ಗುಂಡಿಟ್ಟು ಕೊಂದ. ಸಲಿಂಗಕಾಮಿಗಳ ಹಕ್ಕಿಗೆ ಹೋರಾಡುತ್ತಿದ್ದ ಸದಸ್ಯ ಹಾರ್ವೆ ಮಿಲ್ಕ್ ಅವರನ್ನೂ ಬಿಡಲಿಲ್ಲ. ವೈಟ್‌ಗಾದ ಸಜೆ ಬರೀ ಏಳು ವರ್ಷ ಎಂಟು ತಿಂಗಳು. ತೀರ್ಪು ಬಂದ ರಾತ್ರಿ ಊರು ಹೊತ್ತಿ ಉರಿಯಿತು.

ಮಾಸ್ಕೋನಿ ಹೆಸರಿನ ಸಮಾವೇಶ ಭವನಕ್ಕೆಂದು ನಗರದ ಕಲಾ ಆಯೋಗ ಈ ಪ್ರತಿಮೆ ಮಾಡಿಸಿತು. ಮೇಲೆ ನಿಜಗಾತ್ರಕ್ಕಿಂತ ಎಷ್ಟೋ ದೊಡ್ಡದಾದ, ಬಾಯ್ತುಂಬ ನಗುವ ತಲೆ. ಬರೀ ಇಷ್ಟೇ ಆಗಿದ್ದರೆ ಚುನಾವಣೆಯ ಪೋಸ್ಟರಿಗೂ ಇದಕ್ಕೂ ಹೆಚ್ಚು ಅಂತರವಿರುತ್ತಿರಲಿಲ್ಲ. ಕಥೆಯಿರುವುದು ಪೀಠದಲ್ಲಿ: ಗೋಡೆಬರಹದಂತೆ ಗೀಚಿದ ಮೇಯರ್ ಬದುಕಿನ ತುಣುಕುಗಳು, ಮಿಲ್ಕ್ ಹೆಸರು, ರಿವಾಲ್ವರ್, ಗುಂಡಿನ ತೂತುಗಳು. ನಗುವಿನ ಕೆಳಗೇ ಈ ತೂತುಗಳನ್ನು ಕಂಡವರಿಗೆ ಆ ನಗುವೇ ಬೇರೆಯಾಗುತ್ತದೆ. ಕಂಚಿನ ಎರಕದ ಗಾಂಭೀರ್ಯದಲ್ಲಿ ಈ ಅವಸರ, ಈ ಸಿಟ್ಟು ದಕ್ಕುತ್ತಿರಲಿಲ್ಲ. ಹಸಿಮಣ್ಣು ಗೀಚಿದ ಕೈಯ ಒತ್ತಡವನ್ನೂ ಹಿಡಿದಿಟ್ಟುಕೊಳ್ಳುತ್ತದೆ; ಗೂಡಿನಲ್ಲಿ ಸುಟ್ಟ ಮೇಲೆ ಅಳಿಸುವ ಮಾತೇ ಇಲ್ಲ.

ಪೀಠದಲ್ಲೊಂದು ಟ್ವಿಂಕಿಯೂ ಇದೆ. ಕೆನೆ ತುಂಬಿದ ಆ ಅಗ್ಗದ ಕೇಕು ತಿಂದು ತಲೆಕೆಟ್ಟು ಕೊಂದನೆಂದು ವೈಟ್ ಪರ ವಕೀಲರು ವಾದಿಸಿದರೆಂಬುದು ಜನಜನಿತ ಮಾತು. ಅವರ ನಿಜವಾದ ವಾದ ಬೇರೆ: ಆತ ಖಿನ್ನತೆಯಲ್ಲಿದ್ದ, ಕುರುಕಲು ತಿಂಡಿಗೆ ಬಿದ್ದದ್ದು ಅದರ ಲಕ್ಷಣ. ಕಟಕಟೆಯ ಸಂಕೀರ್ಣ ಸತ್ಯವನ್ನು ಬಿಟ್ಟು ಪತ್ರಿಕೆಗಳ ಗೇಲಿಯನ್ನು ಎತ್ತಿಕೊಂಡದ್ದು ಈ ಕೃತಿ ಸೋತಿರುವ ಜಾಗ. ವ್ಯಂಗ್ಯ ಆರ್ನೆಸನ್‌ಗೆ ಕೈವಶವಾಗಿತ್ತು, ಕೆಲವೊಮ್ಮೆ ಅತಿಯಾಗಿಯೇ.

ಉದ್ಘಾಟನೆಯ ಹೊತ್ತಿಗೆ ಪೀಠಕ್ಕೆ ಬಟ್ಟೆ ಮುಚ್ಚಿದ್ದರು. ಮಾಸ್ಕೋನಿ ನಂತರ ಮೇಯರ್ ಆದ ಡಯಾನ್ ಫೈನ್‌ಸ್ಟೈನ್ ಕೂಡ ಆ ಪೀಠವನ್ನು ಒಪ್ಪಲಿಲ್ಲ. ಮಿಲ್ಕ್ ಅವರ ಹೆಣವನ್ನು ಕಣ್ಣಾರೆ ಕಂಡಿದ್ದ ಅವರ ಸಂಕಟವನ್ನು ಬರೀ ಸಂಪ್ರದಾಯದ ಮಡಿ ಎಂದು ತಳ್ಳಿಹಾಕುವುದು ನ್ಯಾಯವಲ್ಲ. ಆದರೆ ಪೀಠ ಬದಲಿಸಲು ಒಪ್ಪದೆ ಶಿಲ್ಪಿ ಸರಿಯಾದುದನ್ನೇ ಮಾಡಿದರು. ಕೊಲೆಯನ್ನು ಮರೆಮಾಚಿದ್ದರೆ ಉಳಿಯುತ್ತಿದ್ದುದು ಹಲ್ಲುಬಿಟ್ಟ ರಾಜಕಾರಣಿಯೊಬ್ಬನ ತಲೆಯಷ್ಟೆ. ಆಯೋಗ ಪ್ರತಿಮೆಯನ್ನು ತಿರಸ್ಕರಿಸಿತು, ಆರ್ನೆಸನ್ ಹಣ ಹಿಂದಿರುಗಿಸಿದರು.

2012ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋದ ಆಧುನಿಕ ಕಲಾ ಸಂಗ್ರಹಾಲಯ ಅದನ್ನು ಪೀಠಸಮೇತ ಕೊಂಡುಕೊಂಡಿತು.