ಕನ್ನಡ ಜಾಲತಾಣಗಳ ಪುಟವಿನ್ಯಾಸ: ತಜ್ಞರಲ್ಲದವರ ಕೊಡುಗೆ ಮತ್ತು ಮಿತಿ

ಪುಸ್ತಕವೊಂದನ್ನು ವಿಮರ್ಶಿಸುವಾಗ ಅದರ ಅಚ್ಚು, ಅಂಚು, ಅಕ್ಷರಗಳ ಗಾತ್ರ ಮುಂತಾದವನ್ನು ಮುದ್ರಕನ ಪಾಲಿಗೆ ಬಿಡುವುದು ವಾಡಿಕೆ. ಅಂತರಜಾಲದ ಬರವಣಿಗೆಗೆ ಈ ವಾಡಿಕೆ ಹೊಂದುವುದಿಲ್ಲ. ಬ್ಲಾಗು ಬರೆಯುವವರೇ ಅಲ್ಲಿ ಅಕ್ಷರ ಜೋಡಿಸುತ್ತಾರೆ, ಪುಟ ಕಟ್ಟುತ್ತಾರೆ, ಪ್ರಕಟಿಸುತ್ತಾರೆ, ಹಳೆಯ ಬರಹಗಳನ್ನು ಕಾಯ್ದಿಡುತ್ತಾರೆ. ಇವರಲ್ಲಿ ಹೆಚ್ಚಿನವರು ಈ ಕೆಲಸಗಳಲ್ಲಿ ತರಬೇತಿ ಪಡೆದವರಲ್ಲ. ಆದರೂ ಕನ್ನಡದ ಜಾಲಬರಹದ ಗಣನೀಯ ಭಾಗ ಇಂತಹವರ ಕೈಯಲ್ಲಿಯೇ ರೂಪುಗೊಂಡಿದೆ. ಅವರು ಕೈಗೊಂಡ ವಿನ್ಯಾಸದ ನಿರ್ಧಾರಗಳು ಬರಹದ ಅಳಿವು ಉಳಿವುಗಳನ್ನೇ ನಿರ್ಧರಿಸಿರುವುದರಿಂದ ಅವು ವಿಮರ್ಶೆಯ ವ್ಯಾಪ್ತಿಗೆ ಬರಬೇಕಾಗುತ್ತದೆ.

ಆರಂಭದ ಇತಿಹಾಸವೇ ಇದಕ್ಕೆ ನಿದರ್ಶನ. 1996ರಲ್ಲಿ ‘ವಿಶ್ವಕನ್ನಡ’ ಎಂಬ ಅಂತರಜಾಲ ಪತ್ರಿಕೆಯನ್ನು ಹೊರತಂದ ಯು.ಬಿ. ಪವನಜ ಅವರು ಭಾಭಾ ಅಣುಶಕ್ತಿ ಸಂಶೋಧನಾ ಕೇಂದ್ರದಲ್ಲಿ ವಿಜ್ಞಾನಿಯಾಗಿದ್ದವರು. ಅವರ ಅಧ್ಯಯನ ಕ್ಷೇತ್ರ ರಸಾಯನಶಾಸ್ತ್ರ. ಆಗ ಗಣಕಗಳಲ್ಲಿ ಕನ್ನಡವನ್ನು ಮೂಡಿಸುವ ಸಾರ್ವತ್ರಿಕ ವ್ಯವಸ್ಥೆ ಇರಲಿಲ್ಲ. ಯುನಿಕೋಡ್ 1991ರಲ್ಲಿಯೇ ಕನ್ನಡಕ್ಕೆ ಸ್ಥಾನ ಕೊಟ್ಟಿದ್ದರೂ ವಿಂಡೋಸ್ ಬಳಕೆದಾರರಿಗೆ ಅದರ ಪ್ರಯೋಜನ ದೊರೆತದ್ದು 2001ರ ಎಕ್ಸ್‌ಪಿ ಆವೃತ್ತಿ ‘ತುಂಗಾ’ ಅಕ್ಷರಶೈಲಿಯೊಂದಿಗೆ ಬಂದ ಮೇಲೆ. ಅಲ್ಲಿಯವರೆಗೆ ರೋಮನ್ ಅಕ್ಷರಗಳ ಸಂಕೇತಸ್ಥಾನಗಳಲ್ಲಿ ಕನ್ನಡ ಅಕ್ಷರಗಳ ತುಣುಕುಗಳನ್ನು ಕೂರಿಸುವುದೇ ಉಪಾಯವಾಗಿತ್ತು. ಫಾಂಟ್ ಇದ್ದ ಗಣಕದಲ್ಲಿ ಕನ್ನಡ ಕಾಣುತ್ತಿತ್ತು; ಇಲ್ಲದ ಗಣಕದಲ್ಲಿ ಅದೇ ಪುಟ ಅರ್ಥವಿಲ್ಲದ ರೋಮನ್ ಅಕ್ಷರಗಳ ರಾಶಿಯಾಗುತ್ತಿತ್ತು.

ಇದರ ಪರಿಣಾಮವನ್ನು ಒಂದು ಊರಿನ ಹೆಸರಿನಿಂದಲೇ ತಿಳಿಯಬಹುದು. ಬೆಂಗಳೂರಿನ ಪಶ್ಚಿಮಕ್ಕೆ, ಮಾಗಡಿ ರಸ್ತೆಯ ಕಡೆಗಿರುವ ಹೇರೋಹಳ್ಳಿ ಹಿಂದೆ ಹಳ್ಳಿಯಾಗಿದ್ದು ನಗರದೊಳಗೆ ಸೇರಿಹೋದ ಊರು. ‘ಹೇರೋಹಳ್ಳಿ’ ಎಂಬುದು ಕಣ್ಣಿಗೆ ನಾಲ್ಕು ಅಕ್ಷರ. ಯುನಿಕೋಡ್‌ನಲ್ಲಿ ವ್ಯಂಜನ, ಸ್ವರಚಿಹ್ನೆ, ವಿರಾಮಗಳು ಸೇರಿ 9 ಸಂಕೇತಗಳು. ಈ ಕ್ರಮದಲ್ಲಿ ಬರೆದ ಹೆಸರನ್ನು ಯಂತ್ರವು ಕನ್ನಡವೆಂದೇ ಗುರುತಿಸುತ್ತದೆ, ಹುಡುಕಿಕೊಡುತ್ತದೆ. ಅದೇ ಹೆಸರು ಹಳೆಯ ಫಾಂಟ್ ಸಂಕೇತದಲ್ಲಿಯೋ ಚಿತ್ರರೂಪದಲ್ಲಿಯೋ ಇದ್ದರೆ ಆ ಊರಿನ ಕೆರೆ, ಗುಡಿ, ಹೊಲಗಳ ನೆನಪನ್ನು ಯಾರಾದರೂ ಎಷ್ಟೇ ಶ್ರದ್ಧೆಯಿಂದ ದಾಖಲಿಸಿದ್ದರೂ ಕನ್ನಡದಲ್ಲಿ ಹುಡುಕುವವರಿಗೆ ಅದು ದೊರೆಯುವುದು ಕಷ್ಟ. ಬಡಾವಣೆಗಳ ಹೆಸರಿನಡಿ ಹಳ್ಳಿಗಳ ಗುರುತು ಮಾಸುತ್ತಿರುವ ಪ್ರದೇಶದಲ್ಲಿ ಇದು ಸಣ್ಣ ನಷ್ಟವಲ್ಲ.

ಹಳೆಯ ಸಂಕೇತದಿಂದ ಹೊಸದಕ್ಕೆ ಪರಿವರ್ತಿಸಿದ ಪಠ್ಯಗಳಲ್ಲಿ ಮತ್ತೊಂದು ತೊಡಕು ಕಾಣುತ್ತದೆ. ಅರ್ಕಾವೊತ್ತು ಹಳೆಯ ಕ್ರಮದಲ್ಲಿ ಮುಖ್ಯಾಕ್ಷರದ ನಂತರ ಬರುತ್ತದೆ. ಯುನಿಕೋಡ್‌ನಲ್ಲಿ ರಕಾರವೇ ಮೊದಲು. ಈ ಕ್ರಮವನ್ನು ತಿರುಗಿಸದ ಪರಿವರ್ತನೆಯಲ್ಲಿ ‘ಕಾರ್ಯ’ ಎಂಬುದು ‘ಕಾಯರ್’ ಆಗುತ್ತದೆ. ಓಲೆಗರಿಯ ಲಿಪಿಕಾರನ ಸ್ಖಾಲಿತ್ಯಗಳನ್ನು ವರ್ಗೀಕರಿಸಿರುವ ಗ್ರಂಥಸಂಪಾದನ ಶಾಸ್ತ್ರಕ್ಕೆ ಯಂತ್ರಲಿಪಿಕಾರನ ಈ ಸ್ಖಾಲಿತ್ಯವೂ ಅಧ್ಯಯನವಸ್ತುವಾಗತಕ್ಕದ್ದು.

2005ರಲ್ಲಿ ಹರಿಪ್ರಸಾದ್ ನಾಡಿಗ್ ಅವರು ಆರಂಭಿಸಿದ ‘ಸಂಪದ’ ಈ ಹಿನ್ನೆಲೆಯಲ್ಲಿ ಮಹತ್ವ ಪಡೆಯುತ್ತದೆ. ದ್ರುಪಲ್ ಎಂಬ ಮುಕ್ತ ತಂತ್ರಾಂಶದ ಮೇಲೆ ನಿಂತ ಈ ತಾಣ ಯುನಿಕೋಡ್ ಕನ್ನಡವನ್ನು ನೆಚ್ಚಿಕೊಂಡಿತು. ಪುಟ ಕಟ್ಟಲು ಬಾರದ ಓದುಗರೂ ನೇರವಾಗಿ ಬರೆಯುವಂತಾಯಿತು. ಬ್ಲಾಗರ್ ಮತ್ತು ವರ್ಡ್‌ಪ್ರೆಸ್ ಸೇವೆಗಳು ಇದೇ ಸೌಲಭ್ಯವನ್ನು ಒಬ್ಬೊಬ್ಬರಿಗೂ ಒದಗಿಸಿದವು. ಜಿ.ಎನ್. ಮೋಹನ್ ಅವರ ‘ಅವಧಿ’ ವರ್ಡ್‌ಪ್ರೆಸ್‌ನ ಬ್ಲಾಗಾಗಿ ಹುಟ್ಟಿ, ಮುಂದೆ ಸ್ವಂತ ವಿಳಾಸದ ಸಾಹಿತ್ಯ ಪತ್ರಿಕೆಯಾಗಿ ಬೆಳೆದದ್ದು ಈ ಬಗೆಯ ಕಟ್ಟುವಿಕೆಯ ಸಾಧ್ಯತೆಯನ್ನು ತೋರಿಸುತ್ತದೆ.

ಸೌಲಭ್ಯದೊಂದಿಗೆ ಮಿತಿಯೂ ಬಂದಿತು. ಈ ಸೇವೆಗಳು ಕೊಡುವ ಸಿದ್ಧ ವಿನ್ಯಾಸಗಳು ಮುಖ್ಯವಾಗಿ ರೋಮನ್ ಲಿಪಿಯನ್ನು ಲಕ್ಷಿಸಿ ರಚಿತವಾದವು. ಆ ಲಿಪಿಯಲ್ಲಿ ದೊಡ್ಡಕ್ಷರಗಳಿಂದಲೇ ಶೀರ್ಷಿಕೆ ಎದ್ದು ಕಾಣುತ್ತದೆ. ಕನ್ನಡಕ್ಕೆ ಆ ಭೇದವಿಲ್ಲವಾದ್ದರಿಂದ ಅದೇ ವಿನ್ಯಾಸದಲ್ಲಿ ಶೀರ್ಷಿಕೆ ಮೈಬರಹದೊಳಗೆ ಕರಗಿಹೋಗುತ್ತದೆ. ಓರೆ ಅಕ್ಷರ ಕನ್ನಡ ಬರವಣಿಗೆಯ ಸಂಪ್ರದಾಯದಲ್ಲಿ ಬೇರೂರಿದ್ದಲ್ಲ. ಯಂತ್ರವು ಬಲವಂತವಾಗಿ ಓರೆಯಾಗಿಸಿದಾಗ ಅಕ್ಷರದ ದುಂಡು ಕೆಡುತ್ತದೆ. ಎಲ್ಲಕ್ಕಿಂತ ಮುಖ್ಯವಾದುದು ಒತ್ತಕ್ಷರ. ಅದು ಸಾಲಿನ ಕೆಳಗೆ ಇಳಿಯುತ್ತದೆ, ತನಗೆಂದೇ ಜಾಗ ಬೇಡುತ್ತದೆ. ಸಾಲುಗಳ ನಡುವಣ ಅಂತರ ಕಡಿಮೆಯಾದರೆ ಮೇಲಿನ ಸಾಲಿನ ಒತ್ತು ಕೆಳಗಿನ ಸಾಲಿನ ತಲೆಕಟ್ಟಿಗೆ ತಾಗುತ್ತದೆ. ಅಡಿಗೆರೆ ಎಳೆದರೆ ಒತ್ತನ್ನೇ ಸೀಳುತ್ತದೆ. ಬಣ್ಣ, ಚಿತ್ರ, ಓಡುವ ಅಕ್ಷರಗಳ ಬಗೆಗೆ ತೋರಿದ ಆಸಕ್ತಿಯನ್ನು ಬ್ಲಾಗಿಗರು ಈ ಅಂತರದ ಬಗೆಗೆ ತೋರಿದ್ದು ಕಡಿಮೆ ಎಂದೇ ಹೇಳಬೇಕು.

ಈ ದೋಷ ತಜ್ಞರಲ್ಲದವರದು ಮಾತ್ರವೆಂದು ಭಾವಿಸುವುದು ನ್ಯಾಯವಾಗದು. ಪಠ್ಯವನ್ನು ಚಿತ್ರವಾಗಿಸಿ ಅಲಂಕರಿಸಿದ ವೃತ್ತಿಪರ ಪುಟಕ್ಕಿಂತ, ಬಿಳಿಯ ಹಿನ್ನೆಲೆಯಲ್ಲಿ ಕಪ್ಪಕ್ಷರದ ಪಠ್ಯವನ್ನು ಪಠ್ಯವಾಗಿಯೇ ಇಟ್ಟ ಹವ್ಯಾಸಿಯ ಪುಟ ಹೆಚ್ಚು ಬಾಳುತ್ತದೆ. ಸ್ವಯಂಸೇವಕರ ‘ಸಂಚಯ’ ತಂಡ ರೂಪಿಸಿದ ‘ವಚನ ಸಂಚಯ’ ಇದಕ್ಕೆ ಸಾಕ್ಷಿ. ಒಂದು ಪದ ಯಾವ ಯಾವ ವಚನಗಳಲ್ಲಿ ಬಂದಿದೆ ಎಂಬುದನ್ನು ಅಲ್ಲಿ ಹುಡುಕಿ ನೋಡಬಹುದು. ಪಠ್ಯ ಯುನಿಕೋಡ್‌ನಲ್ಲಿರುವುದರಿಂದಲೇ ಅದು ಸಂಶೋಧಕನ ಕೈಯ ಉಪಕರಣವಾಯಿತು.

ಪುಟ ಎಲ್ಲಿ ನೆಲೆಸಿದೆ ಎಂಬುದೂ ವಿನ್ಯಾಸದ ಭಾಗವೇ. ಹವ್ಯಾಸಿಗಳಿಗೆ ಉಚಿತ ನೆಲೆ ಕೊಟ್ಟಿದ್ದ ಜಿಯೋಸಿಟೀಸ್ 2009ರ ಅಕ್ಟೋಬರಿನಲ್ಲಿ ಜಪಾನ್ ಹೊರತು ಉಳಿದೆಡೆ ಮುಚ್ಚಿದಾಗ ಅಸಂಖ್ಯ ಪುಟಗಳು ಮೂಲವಿಳಾಸದಿಂದ ಕಣ್ಮರೆಯಾದವು. ಬಾಡಿಗೆಯಿಲ್ಲದ ಮನೆಯಲ್ಲಿ ಕಟ್ಟಿದ ಭಂಡಾರಕ್ಕೆ ಪ್ರತಿ ತೆಗೆದಿಡುವುದೊಂದೇ ಕಾವಲು.

ಒಟ್ಟಿನಲ್ಲಿ ಕನ್ನಡ ಪುಟದ ಸೌಂದರ್ಯವನ್ನು ಅಳೆಯುವ ಮಾನದಂಡ ಅಲಂಕಾರವಾಗಿರಲಾರದು. ಒತ್ತಿಗೆ ಜಾಗವಿದೆಯೇ, ಪದ ಹುಡುಕಿದರೆ ಸಿಗುತ್ತದೆಯೇ, ಮುಂದಿನ ತಲೆಮಾರಿನ ಯಂತ್ರವೂ ಅದನ್ನು ಓದೀತೇ ಎಂಬ ಮೂರು ಪ್ರಶ್ನೆಗಳೇ ಸಾಕು. ಇವುಗಳಿಗೆ ಉತ್ತರಿಸಲು ತಜ್ಞತೆಗಿಂತ ಲಿಪಿಯ ಮೇಲಿನ ಅಕ್ಕರೆ ಮುಖ್ಯ. ಹಸ್ತಪ್ರತಿಗಳನ್ನು ಅರಸಿ ಊರೂರು ಅಲೆದ ಪರಂಪರೆಯುಳ್ಳ ಕನ್ನಡ ವಿದ್ವತ್ತು ಹವ್ಯಾಸಿಗಳು ಕಟ್ಟಿದ ಈ ಪುಟಗಳನ್ನೂ ಅದೇ ಕಾಳಜಿಯಿಂದ ಸಂಗ್ರಹಿಸಿ ಪರಿಶೀಲಿಸಬೇಕಾಗಿದೆ.